ಕಿಟಕಿಯಿಂದ ಹೊರಗೆ ನೋಡಿ ಹವಾಮಾನ ಹೇಳುವುದನ್ನು ನಿಷೇಧಿಸಿರುವ ಬಗ್ಗೆ

ಸಂಖ್ಯೆ: ಹವಾ/ಕಿಟಕಿ/ನಿಷೇಧ/17
(ಹಿಂದಿನ ಹದಿನಾರನ್ನು ಯಾರೂ ಓದದ ಕಾರಣ)

ವಿಷಯ: ಕಳೆದ ಗುರುವಾರ ಬೆಳಗ್ಗೆ ಇಲಾಖೆಯ ಸಣ್ಣ ವಿಮಾನವು ದಟ್ಟ ಮಂಜಿನಲ್ಲಿ ಇಳಿಯಲು ಹೋಗಿ ಸ್ವಾಗತ ಕಮಾನಿಗೆ ಬಡಿದು ಬಿದ್ದಿರುವುದು ಹಾಗೂ ಅದಕ್ಕೆ ಕಾರಣವಾದ ಕಿಟಕಿಯ ಕುರಿತು.

ಉಲ್ಲೇಖ:
1. ಸದರಿ ಗುರುವಾರದ ಅನುಮೋದಿತ ಹವಾಮಾನ ಪತ್ರ ("ಆಕಾಶ ಶುಭ್ರ").
2. ವಿಮಾನ ನಿಲ್ದಾಣದ ಹವಾಮಾನ ವೀಕ್ಷಕಿಯು ಯಾರೂ ಕೇಳದೆಯೇ ಮಾಡಿದ ಮೂರು ದೂರವಾಣಿ ಕರೆಗಳು.
3. ಕಾವಲುಗಾರನ ಹೇಳಿಕೆ.
4. ಪೈಲಟ್ ಮೂಳೆ ವಾರ್ಡಿನಿಂದ ಎಡಗೈಯಲ್ಲಿ ಬರೆದ ಪತ್ರ (ಅಕ್ಷರ ಅಂದವಾಗಿಲ್ಲ).

ಇಲಾಖೆಯಲ್ಲಿ ಮುಂದಿನ ಹದಿನೈದು ದಿನಗಳ ಹವಾಮಾನವನ್ನು ಕೇಂದ್ರ ಕಚೇರಿಯಲ್ಲಿ ಒಮ್ಮೆಗೇ ತಯಾರಿಸಿ, ನಾಲ್ವರ ಸಹಿ ಪಡೆದು, ನಿಲ್ದಾಣಗಳಿಗೆ ಕಳುಹಿಸುವ ಪದ್ಧತಿ ಮೊದಲಿನಿಂದಲೂ ನಡೆದುಬಂದಿದೆ. ಸದರಿ ಗುರುವಾರದ ಪತ್ರ ಸಹಿಗೆ ಬಂದಾಗ ಮೂರನೇ ಸಹಿಯ ಅಧಿಕಾರಿ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರಿಂದ, ಹಿಂದಿನ ತಿಂಗಳ ಒಂದು ಗುರುವಾರದ ಪತ್ರದಲ್ಲಿ ದಿನಾಂಕ ತಿದ್ದಿ ಕಳುಹಿಸಲಾಯಿತು. ಗುರುವಾರಕ್ಕೆ ಗುರುವಾರದ ಹವಾಮಾನವನ್ನೇ ಒದಗಿಸಿರುವುದರಿಂದ ಲೋಪವೇನೂ ಆಗಿಲ್ಲವೆಂದು ವಿಚಾರಣಾ ಸಮಿತಿಯು (ಕೇಂದ್ರ ಕಚೇರಿಯ ಅಧೀಕ್ಷಕರು ಒಬ್ಬರೇ) ಒಮ್ಮತದಿಂದ ತೀರ್ಮಾನಿಸಿದೆ.

ಹೀಗಿರುವಲ್ಲಿ, ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿಯೂ ಬುದ್ಧಿ ಕಲಿಯದ ಸದರಿ ವೀಕ್ಷಕಿಯು ಅಂದು ಬೆಳಗ್ಗೆ 7.10ಕ್ಕೆ ಪತ್ರವನ್ನು ಓದುವ ಬದಲು ಕಿಟಕಿಯಾಚೆ ನೋಡಿ, ಅಧೀಕ್ಷಕರಿಗೆ ಕರೆ ಮಾಡಿ, "ಸಾರ್, ಇಲ್ಲಿ ಮಂಜು ಕವ್ಕೊಂಡಿದೆ. ಎದುರಿನ ದೀಪದ ಕಂಬಾನೂ ಕಾಣ್ತಿಲ್ಲ. ದಯವಿಟ್ಟು ವಿಮಾನ ಬಿಡಬೇಡಿ" ಎಂದಿರುತ್ತಾರೆ. ಅದಕ್ಕೆ ಅಧೀಕ್ಷಕರು, "ಏನೂ ಕಾಣ್ತಿಲ್ಲ ಅಂತೀರಿ. ಮತ್ತೆ ಮಂಜು ಹೇಗಮ್ಮ ಕಾಣಿಸ್ತು?" ಎಂದು ತರ್ಕಬದ್ಧವಾಗಿ ಕೇಳಿ ಫೋನ್ ಇಟ್ಟಿರುತ್ತಾರೆ. ಎರಡನೇ ಕರೆಯ ವೇಳೆ ಅಧೀಕ್ಷಕರು ಕಾಫಿ ಕುಡಿಯುತ್ತಿದ್ದರು. ಮೂರನೇ ಕರೆಯ ವೇಳೆಗೆ ವಿಮಾನ ಹೊರಟಾಗಿತ್ತು.

ಶುಭ್ರ ಆಕಾಶಕ್ಕೆ ಎಷ್ಟು ಬೇಕೋ ಅಷ್ಟೇ ಇಂಧನ ತುಂಬಿದ್ದರಿಂದ ಪೈಲಟ್‌ಗೆ ಹಿಂದಿರುಗುವ ಉಪಾಯವಿರಲಿಲ್ಲ. ನಿಲ್ದಾಣದ ಮೇಲೆ ನಾಲ್ಕು ಸುತ್ತು ಹಾಕಿದರೂ ನೆಲ ಕಂಡಿಲ್ಲ. ಆಗ ವೀಕ್ಷಕಿಯು ರನ್‌ವೇ ತುದಿಯಲ್ಲಿ ತಗಡಿನ ಡಬ್ಬವಿಟ್ಟು, ಐದು ವರ್ಷಗಳ ಅನುಮೋದಿತ ಹವಾಮಾನ ಪತ್ರಗಳನ್ನು ಅದರಲ್ಲಿ ತುರುಕಿ ಬೆಂಕಿ ಹಚ್ಚಿರುತ್ತಾರೆ. ಐದು ವರ್ಷಗಳ ಶುಭ್ರ ಆಕಾಶ ಹದಿನೈದು ನಿಮಿಷದಲ್ಲಿ ಬೂದಿಯಾಗಿದೆ. ಆ ಬೆಳಕನ್ನು ಕಂಡ ಪೈಲಟ್, ಸಿಬ್ಬಂದಿ ವಸತಿಗೃಹದ ಕಡೆ ಇಳಿಯುತ್ತಿದ್ದ ವಿಮಾನವನ್ನು ಬೆಳಕಿನತ್ತ ತಿರುಗಿಸಿದ್ದು, ಅದು ನಿರ್ದೇಶಕರ ಸ್ವಾಗತಕ್ಕೆಂದು ನಿಲ್ಲಿಸಿದ್ದ "ಶುಭ್ರ ಆಕಾಶ, ಸುಖ ಪ್ರಯಾಣ" ಎಂಬ ಕಮಾನಿಗೆ ಬಡಿದು ಉರುಳಿದೆ. ಕಮಾನಿಗೆ ತೀವ್ರ ಸ್ವರೂಪದ ಪೆಟ್ಟಾಗಿದೆ. ಪೈಲಟ್‌ನ ಒಂದು ಕಾಲು, ಒಂದು ಕೈ, ಮೂರು ಪಕ್ಕೆಲುಬು ಮುರಿದಿವೆ.

ಆದ್ದರಿಂದ ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಕಂಡಂತೆ ತರಲಾಗಿದೆ:

1. ಇನ್ನು ಮುಂದೆ ಹವಾಮಾನವನ್ನು ಪತ್ರದಲ್ಲಿ ಮಾತ್ರ ನೋಡತಕ್ಕದ್ದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪರಾಂಬರಿಸುವ ಅಧಿಕಾರ ಕೇಂದ್ರ ಕಚೇರಿಗೆ ಮಾತ್ರ ಇರುತ್ತದೆ.

2. ನಿಲ್ದಾಣಗಳ ಎಲ್ಲ ಕಿಟಕಿಗಳಿಗೆ ಒಳಗಿನಿಂದ ನೀಲಿ ಬಣ್ಣ ಬಳಿಯತಕ್ಕದ್ದು. ಮೂಲೆಯಲ್ಲಿ ಒಂದು ಬಿಳಿ ಮೋಡಕ್ಕೆ ಅವಕಾಶವಿದೆ. ಎರಡನೆಯದಕ್ಕೆ ಪೂರ್ವಾನುಮತಿ ಬೇಕು.

3. ಮಂಜು ಬೀಳುವುದಾದಲ್ಲಿ ಏಳು ದಿನ ಮುಂಚಿತವಾಗಿ ನಮೂನೆ 9ರಲ್ಲಿ ತಿಳಿಸತಕ್ಕದ್ದು. ಹಠಾತ್ತನೆ ಬೀಳುವ ಮಂಜನ್ನು ಅನಧಿಕೃತವೆಂದು ಪರಿಗಣಿಸಲಾಗುವುದು.

4. ಕಾವಲುಗಾರನು ತನ್ನ ಹೇಳಿಕೆಯಲ್ಲಿ, "ಎದುರಿಗಿರೋ ಮಂಜು ನೋಡೋಕೆ ಕೇಂದ್ರ ಕಚೇರಿ ಬೇಕಾ ಸ್ವಾಮಿ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದು ಅಧಿಕಪ್ರಸಂಗ ಮಾಡಿರುತ್ತಾನೆ. ಅಂಗೈ ಹುಣ್ಣಿಗೂ ಕನ್ನಡಿ ಅಗತ್ಯವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಬೇಡಿಕೆ ಪತ್ರವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಿ ಕನ್ನಡಿ ಪಡೆಯಬಹುದು. ಅಲ್ಲಿಯವರೆಗೆ ಹುಣ್ಣು ಇರುವುದಿಲ್ಲ.

5. ಪೈಲಟ್‌ನನ್ನು ಹೊರಗೆಳೆದ ನಂತರ ವೀಕ್ಷಕಿ ಮತ್ತು ಕಾವಲುಗಾರ ಇಬ್ಬರೂ ಆತನನ್ನು ಸಭಾಕೊಠಡಿಯ ಪರದೆಯಲ್ಲಿ ಹೊತ್ತು ತಂದಿರುವುದು ಗಮನಕ್ಕೆ ಬಂದಿದೆ. ಪರದೆಯು ಸೂರ್ಯನ ಬೆಳಕನ್ನು ತಡೆಯಲು ಒದಗಿಸಿದ್ದಾಗಿದ್ದು, ಅನ್ಯ ಉದ್ದೇಶಕ್ಕೆ ಬಳಸಿದ್ದು ಅಶಿಸ್ತು. ಅಲ್ಲದೆ ಇಬ್ಬರೂ ಕುರ್ಚಿ ಬಿಟ್ಟು ಓಡುವ ಮುನ್ನ ಚಲನವಲನ ಪುಸ್ತಕದಲ್ಲಿ ಸಹಿ ಮಾಡಿಲ್ಲ.

6. ಪತನಗೊಂಡ ವಿಮಾನದಲ್ಲಿ ಮುಂದಿನ ಹದಿನೈದು ದಿನಗಳ ಹವಾಮಾನ ಪತ್ರಗಳಿದ್ದು, ತುಂತುರಿಗೆ ಸಿಕ್ಕಿ ತೊಯ್ದಿವೆ. ಅವುಗಳನ್ನು ಬಿಸಿಲಿನಲ್ಲಿ ಒಣಗಿಸಿ ಬಳಸತಕ್ಕದ್ದು. ಬಿಸಿಲು ಇದೆಯೇ ಎಂಬುದನ್ನು ಅದೇ ಪತ್ರಗಳಲ್ಲಿ ನೋಡಿಕೊಳ್ಳತಕ್ಕದ್ದು.

7. ಪೈಲಟ್ ತನ್ನ ಪತ್ರದಲ್ಲಿ, "ಆ ಅಕ್ಕ ಬೆಂಕಿ ಹಚ್ಚದೇ ಇದ್ದಿದ್ರೆ ಸೀದಾ ವಸತಿಗೃಹದ ಗೋಡೆಗೇ ಗುದ್ತಿದ್ದೆ. ನನ್ನ ಹೆಂಡ್ತಿ ದಿನಾ ಅವರನ್ನ ನೆನೆಸ್ಕೊಂಡೇ ಅನ್ನಕ್ಕೆ ಕೈ ಹಾಕ್ತಾಳೆ. ಅವರ ಕೆಲಸಕ್ಕೆ ಕಲ್ಲು ಹಾಕಬೇಡಿ" ಎಂದು ಬರೆದಿರುತ್ತಾರೆ. ಪೈಲಟ್‌ನ ಪತ್ನಿಯ ಊಟದ ಕ್ರಮವು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

8. ವೀಕ್ಷಕಿಯನ್ನು ತಕ್ಷಣದಿಂದ ಅಮಾನತಿನಲ್ಲಿಡಲಾಗಿದೆ. ಗುರುವಾರ ಮಂಜು ಇರಲಿಲ್ಲವೆಂದು ಆಕೆ ಲಿಖಿತವಾಗಿ ಒಪ್ಪಿಕೊಂಡಲ್ಲಿ ಕೆಲಸಕ್ಕೆ ಮರಳಬಹುದು. ತಪ್ಪಿದಲ್ಲಿ ಹದಿನೈದು ದಿನಗಳಲ್ಲಿ ಸೇವೆಯಿಂದ ವಜಾ ಮಾಡಲಾಗುವುದು. ಈ ಕುರಿತು ಕಳುಹಿಸಿದ ನಮೂನೆಯನ್ನು ಆಕೆ ಸಹಿ ಇಲ್ಲದೆ ಹಿಂದಿರುಗಿಸಿದ್ದು, ಅದರ ಮೇಲೆ "ಇತ್ತು" ಎಂದಷ್ಟೇ ಬರೆದಿರುತ್ತಾರೆ. ಇಂಥ ಮೊಂಡುತನವನ್ನು ಇಲಾಖೆಯು ತೀವ್ರವಾಗಿ ಖಂಡಿಸುತ್ತದೆ.

ಮೇಲ್ಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಅರ್ಥವಾಗದವರು ಅರ್ಥವಾಗಿದೆಯೆಂದು ಸಹಿ ಮಾಡತಕ್ಕದ್ದು.

ಸಹಿ/-
ನಿರ್ದೇಶಕರ ಪರವಾಗಿ
ಅಧೀಕ್ಷಕರು, ಕೇಂದ್ರ ಕಚೇರಿ
(ಕಿಟಕಿಗಳ ಹೆಚ್ಚುವರಿ ಪ್ರಭಾರ)

ಪ್ರತಿಗಳು:

1. ಎಲ್ಲ ನಿಲ್ದಾಣಗಳಿಗೆ: ಬಣ್ಣ ಒಣಗಿದ ನಂತರ ಕಿಟಕಿಯ ಮೇಲೆ ಅಂಟಿಸಲು.
2. ಪೈಲಟ್, ಮೂಳೆ ವಾರ್ಡು: ಪರದೆಯನ್ನು ಒಗೆದು, ಇಸ್ತ್ರಿ ಮಾಡಿ, ಖುದ್ದಾಗಿ ಹಿಂದಿರುಗಿಸಲು.
3. ಕಾವಲುಗಾರ: ಬೇರೆಯವರಿಂದ ಓದಿಸಿ ಕೇಳಿಕೊಳ್ಳಲು.
4. ಮೂರನೇ ಸಹಿಯ ಅಧಿಕಾರಿ: ಹಲ್ಲಿನ ಬಗ್ಗೆ ಇಲಾಖೆಯ ಸಹಾನುಭೂತಿಯೊಂದಿಗೆ.
5. ನಿರ್ದೇಶಕರ ಆಪ್ತ ಸಹಾಯಕರು: ಮಾನ್ಯ ನಿರ್ದೇಶಕರು ದುರಸ್ತಿಯಾದ ಕಮಾನನ್ನು ಪರಿಶೀಲಿಸಲು ಸೋಮವಾರ ಬೆಳಗ್ಗೆ ಮೂವರು ಗುಮಾಸ್ತರೊಂದಿಗೆ ಇಲಾಖೆಯ ಇನ್ನೊಂದು ವಿಮಾನದಲ್ಲಿ ಹೊರಡುವವರಿದ್ದಾರೆ. ಅನುಮೋದಿತ ಪತ್ರದಂತೆ ಅಂದು ಆಕಾಶ ಶುಭ್ರ. ಆದಾಗ್ಯೂ ಅವರು ಹೊರಡುವ ಮುನ್ನ ತಾವು ವೀಕ್ಷಕಿಯ ಮನೆಗೆ ಫೋನ್ ಮಾಡಿ, "ಅಮ್ಮಾ, ಇವತ್ತು ಹೇಗಿದೆ?" ಎಂದು ವಿನಯದಿಂದ ಕೇಳತಕ್ಕದ್ದು. ಆಕೆಯ ಉತ್ತರವನ್ನು ಯಾವ ಕಡತದಲ್ಲೂ ನಮೂದಿಸಕೂಡದು. ಆಕೆ ಬೇಡವೆಂದಲ್ಲಿ ನಿರ್ದೇಶಕರು ಕಾರಿನಲ್ಲಿ ಬರುವರು. ಗುಮಾಸ್ತರು ವಿಮಾನದಲ್ಲಿಯೇ ಬರುವರು.