ಊದುಗೊಳವೆಯ ಲಾರಿ ಮತ್ತು ನನ್ನ ಹಿಮಾಲಯ

ಇಂಗ್ಲಿಷ್ ಓದಲು ಬಂದವರಿಗೆ ಲೋಕದಲ್ಲಿ ಬಾರದ ವಿದ್ಯೆಯೇ ಇಲ್ಲವೆಂದು ನಮ್ಮ ರಂಗಂಪೇಟೆಯವರು ಗಟ್ಟಿಯಾಗಿ ನಂಬಿದ್ದಾರೆ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಗ್ರಾಮರ್, ಎಂಬ್ರಾಯಿಡರಿ ಮತ್ತು ಬಾಯಿ ಮುಚ್ಚಿಕೊಂಡು ಅಗಿಯುವುದು, ಇಷ್ಟೇ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಡಾಕ್ಟರೂ ಆದೆ, ವಕೀಲಳೂ ಆದೆ. ಗುಳಿಗೆಯ ಡಬ್ಬಿ, ಹತ್ತಿಗೆ ಹೊಡೆಯುವ ಔಷಧದ ಬಾಟಲಿ, ಯಾರದೋ ಕೋರ್ಟಿನ ನೋಟಿಸು, ಎಲ್ಲವೂ ನಮ್ಮ ಪಡಸಾಲೆಗೆ ಬರುತ್ತಿದ್ದವು. “ಅಮ್ಮಾರಿಗೆ ತೋರಸ್ರಿ” ಎಂದರೆ ಮುಗಿಯಿತು. ಫ್ರಾಂಕ್ಲಿ ಹೇಳಬೇಕೆಂದರೆ ನನಗದು ಇಷ್ಟವೂ ಆಗುತ್ತಿತ್ತು. ಆದರೆ ಲಾರಿಗೆ ಯಾವ ಇಂಜಿನ್ ಒಳ್ಳೆಯದೆಂದು ಆಯ್ದುಕೊಡುವ ಕೆಲಸವೂ ನನ್ನ ಪಾಲಿಗೆ ಬಂದೀತೆಂದು ಯಾವ ಮದರ್ ಸುಪೀರಿಯರ್ ತಾನೇ ಊಹಿಸಿದ್ದಾರು!

ಕಾಲುವೆಗೆ ನೀರು ಬಂದ ಹೊಸತು. ಜೋಳ ತಿಂದು ಬೆಳೆದವರೆಲ್ಲ ಭತ್ತ ನೆಡತೊಡಗಿದ್ದರು. ಕಕ್ಕೇರಾದ ಕಡೆ ಹೋದರೆ ಕಣ್ಣು ಕುಕ್ಕುವ ಹಸಿರು. ನಮ್ಮವರ ಅಣ್ಣ ಬಸವಂತಪ್ಪ, ಅಂದರೆ ನನ್ನ ಭಾವ, ಅಕ್ಕಿ ವ್ಯಾಪಾರಕ್ಕೆ ಇಳಿದರು. ಹೈದರಾಬಾದಿನಲ್ಲಿ ಯಾರೋ ಒಬ್ಬ ಸೇಠು ಸಿಕ್ಕಿ, ಬೇಸಿಗೆಯಲ್ಲಿ ಹಿಮ ಕರಗಿ ದಾರಿ ತೆರೆದಾಗ ಹಿಮಾಲಯದ ಆಚೆಯ ಊರೊಂದಕ್ಕೆ ಅಕ್ಕಿ ಮುಟ್ಟಿಸುವಿರಾ ಎಂದು ಕೇಳಿದನಂತೆ. ಭಾವ ಹೂಂ ಎಂದು ಬಂದುಬಿಟ್ಟರು. ಹಿಮಾಲಯವೆಂದರೆ ಅವರ ಲೆಕ್ಕದಲ್ಲಿ ಸುರಪುರದ ಗುಡ್ಡಕ್ಕಿಂತ ತುಸು ಎತ್ತರ, ಅಷ್ಟೇ.

ಕೊಳ್ಳಲು ಎರಡು ಲಾರಿಗಳನ್ನು ನೋಡಿದ್ದರು. ಒಂದರದು ಭಾರೀ ಇಂಜಿನ್, ಅಗಲವಾದ ಕ್ಯಾಬಿನ್, ಡ್ರೈವರನ ಹಿಂದೆ ಮಲಗಲು ಹಲಗೆ. ಇನ್ನೊಂದರದು ಚಿಕ್ಕ ಇಂಜಿನ್, ಅದಕ್ಕೊಂದು ಟರ್ಬೋ. ಕ್ಯಾಬಿನ್ನಿನಲ್ಲಿ ಡ್ರೈವರ್, ಕ್ಲೀನರ್ ಬಿಟ್ಟರೆ ಬೆಕ್ಕಿಗೂ ಜಾಗವಿಲ್ಲ. ಭಾವನ ಕಣ್ಣು ದೊಡ್ಡದರ ಮೇಲೆ. “ದೊಡ್ಡ ಗಾಡಿ ಬರ್ಲಿ ತಂಗಿ, ಹಲಗಿ ಮ್ಯಾಲೆ ನೀನೂ ತಮ್ಮನೂ ಕುಂದ್ರರಿ. ಬರಫ್ ನೋಡ್ಕೊಂಡು ಬರ್ರಿ” ಎಂದಿದ್ದರು.

ಅವರು ಹೇಳಿದ್ದು ಬಾಯುಪಚಾರಕ್ಕಿರಬಹುದು. ನನಗೆ ಮಾತ್ರ ಅಂದಿನಿಂದ ನಿದ್ದೆ ಹಾರಿಹೋಯಿತು. ಕಾನ್ವೆಂಟಿನ ಜಿಯಾಗ್ರಫಿ ಕ್ಲಾಸಿನಲ್ಲಿ ಗೋಡೆಯ ಮೇಲೊಂದು ಹಿಮಶಿಖರದ ಚಿತ್ರವಿತ್ತು. ಬೆವರು ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತ ಕೂತವಳು ನಾನು. “ಒನ್ ಡೇ, ಗರ್ಲ್ಸ್” ಎನ್ನುತ್ತಿದ್ದರು ಸಿಸ್ಟರ್. ಆ ಒನ್ ಡೇ ಐವತ್ತು ದಾಟಿದ ಮೇಲೆ, ಅದೂ ಅಕ್ಕಿ ಲಾರಿಯಲ್ಲಿ ಬಂದೀತೆಂದು ಯಾರಿಗೆ ಗೊತ್ತಿತ್ತು! ಯಾರಿಗೂ ಹೇಳದೆ ಯಾದಗಿರಿಯ ಅಂಗಡಿಯಿಂದ ಉಲ್ಲನ್ ಸಾಕ್ಸ್ ತರಿಸಿಟ್ಟೆ.

ಭಾವ ಇಂಜಿನ್ ಪರೀಕ್ಷೆ ಮಾಡಿದ ರೀತಿಯನ್ನು ಹೇಳಲೇಬೇಕು. ಅವರ ಜೀವನವೆಲ್ಲ ಎತ್ತು ಕೊಳ್ಳುವುದರಲ್ಲಿ ಕಳೆದಿತ್ತು. ಲಾರಿಯ ಮುಂದೆ ನಿಂತು ಎದೆಯ ಅಗಲ ನೋಡಿದರು, ಹಿಂದೆ ಹೋಗಿ ನಡಿಗೆ ನೋಡಿದರು, ಬಾನೆಟ್ಟಿನ ಮೇಲೆ ಕೈಯಿಟ್ಟು “ಇದರ ಉಸಿರು ಛಲೋ ಅದ” ಎಂದರು. ಆಮೇಲೆ ಎರಡಕ್ಕೂ ಭತ್ತದ ಚೀಲ ಹೇರಿಸಿ ಸುರಪುರದ ಏರು ಹತ್ತಿಸಿದರು. ದೊಡ್ಡದು ಗುಡುಗುತ್ತ ಹತ್ತಿತು. ಚಿಕ್ಕದು ಹಿಂದೆ ಬಿತ್ತು.

“ನೋಡಿದ್ಯಾ ತಂಗಿ? ಜಗ್ಗೋದು ಎದಿ, ಎದಿ!” ಎಂದರು ಭಾವ.

ಆದರೂ ಶಾಸ್ತ್ರಕ್ಕೆಂದು ಕಂಪನಿಯ ಇಂಗ್ಲಿಷ್ ಪುಸ್ತಿಕೆಗಳನ್ನು ನನ್ನ ಮುಂದಿಟ್ಟು, “ಏನ್ ಬರದಾರ ಓದವ್ವ” ಎಂದರು. ಓದಿದೆ. ಹೈ ಆಲ್ಟಿಟ್ಯೂಡಿನಲ್ಲಿ ಗಾಳಿ ತೆಳುವಾಗುತ್ತದೆ, ಟರ್ಬೋ ಇಲ್ಲದ ಇಂಜಿನ್ ಎಷ್ಟೇ ದೊಡ್ಡದಿದ್ದರೂ ಶಕ್ತಿ ಕಳೆದುಕೊಳ್ಳುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಪ್ಯಾರಾ ಹಾರಿಸಿದರೆ ಈ ಊರಿನಲ್ಲಿ ಕೇಳುವವರು ಯಾರು? ಹಲಗೆ ನನ್ನದು, ಹಿಮ ನನ್ನದು.

ಅಷ್ಟರಲ್ಲಿ ಡ್ರೈವರ್ ಮಹಿಬೂಬ ಬಾಗಿಲಲ್ಲಿ ನಿಂತಿದ್ದವನು ಮೆಲ್ಲಗೆ ಕೇಳಿದ: “ಸಾವ್ಕಾರ್ರ, ಅಲ್ಲಿ ಏರಿನಾಗ ಗಾಡಿ ನಿಂತ್ರ ಹಿಂದಕ್ಕ ಸರಿತದಂತ್ರಿ. ಒಂದ್ ಬಾಜು ಗುಡ್ಡ, ಒಂದ್ ಬಾಜು ಬರೇ ಆಸ್ಮಾನ್ ಅಂತ. ಖರೇ ಏನ್ರಿ?”

ನಾನು ಆ ಪ್ಯಾರಾ ಓದಿದೆ. ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ.

“ಗಾಳಿ ತೆಳ್ಳಗ ಆಗತದಂತ? ಗಾಳಿ ಏನ್ ಮಜ್ಜಿಗಿ ಏನು, ನೀರ್ ಹಾಕಾಕ?” ಭಾವ ನಕ್ಕರು. “ಎತ್ತರಕ್ಕ ಹೋದ್ರ ಗಾಳಿ ಜೋರ್ ಬೀಸತದ. ಮಾಳಗಿ ಮ್ಯಾಲೆ ಹೋಗಿ ನಿಂದ್ರು, ಗೊತ್ತಾಗತದ.”

ಆಕ್ಸಿಜನ್, ಪ್ರೆಷರ್ ಎಂದೆಲ್ಲ ನನ್ನ ಇಂಗ್ಲಿಷ್ ಖರ್ಚಾಯಿತು. ಕೊನೆಗೆ ಅಡುಗೆಮನೆಗೆ ಹೋಗಿ ಊದುಗೊಳವೆ ತಂದೆ. “ಭಾವ, ಹಸಿ ಕಟ್ಟಿಗೆಯ ಒಲೆ. ಕಟ್ಟಿಗೆ ಎಷ್ಟು ತುಂಬಿದರೂ ಉರಿಯುವುದಿಲ್ಲ. ಇದರಿಂದ ಊದಿದರೆ ಉರಿಯುತ್ತದೆ. ಟರ್ಬೋ ಅಂದರೆ ಇಂಜಿನ್ನಿನ ಊದುಗೊಳವೆ. ತನ್ನ ಹೊಗೆಯಿಂದಲೇ ತಿರುಗಿ ತಾನೇ ಊದಿಕೊಳ್ಳುತ್ತದೆ.”

ಭಾವ ಊದುಗೊಳವೆಯನ್ನು ಕೈಗೆ ತೆಗೆದುಕೊಂಡು ಒಂದು ಕಣ್ಣಿಟ್ಟು ಒಳಗೆ ನೋಡಿದರು. “ಹಂಗಂತ ಮೊದಲ ಹೇಳಬೇಕಿಲ್ಲೇನ್?” ಎಂದರು. ಮರುದಿನವೇ ಚಿಕ್ಕ ಗಾಡಿಯ ಖರೀದಿಯಾಯಿತು.

ನಾನು ಎಂಥ ಸ್ಯಾಕ್ರಿಫೈಸ್ ಮಾಡಿದೆನೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲೆಂದು ಊಟದ ಹೊತ್ತಿನಲ್ಲಿ ದೊಡ್ಡದಾಗಿ ನಿಟ್ಟುಸಿರುಬಿಟ್ಟೆ. ನಮ್ಮವರು “ಗ್ಯಾಸ್ ಆಗೇದೇನು?” ಎಂದು ಓಮಿನ ಕಾಳು ಕೊಟ್ಟರು.

ಬೇಸಿಗೆ ಮುಗಿಯುವ ಮೊದಲೇ ಮಹಿಬೂಬ ಮರಳಿ ಬಂದ. ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು, ಕಣ್ಣು ಮಾತ್ರ ನಗುತ್ತಿತ್ತು. “ಅಮ್ಮಾರ, ಮ್ಯಾಲಿನ ಘಾಟಿನಾಗ ದೊಡ್ಡ ದೊಡ್ಡ ಗಾಡಿ ಬಾಯಿ ತಕ್ಕೊಂಡು ನಿಂತಿದ್ವು. ನಮ್ದು ಸಣ್ಣಗ ಸೀಟಿ ಹೊಡಕೋತ ಹೋತು. ಬರಫ್ ಅಂದ್ರ ಏನ್ ಬರಫ್‌ರೀ! ಶಹಾಪುರದ ಮಂಡಿಯಾಗ ಹತ್ತಿ ಒಟ್ಟಿದಂಗ ಬಿದ್ದಿತ್ತು.” ಆಮೇಲೆ ತಲೆ ಕೆರೆದುಕೊಂಡು, “ಕ್ಲೀನರಗ ಮ್ಯಾಲೆ ತಲಿ ತಿರಗತದಂತ, ಇನ್ನ ಬರಾಂಗಿಲ್ಲಂತಾನ. ಅವನ ಸೀಟು ಖಾಲಿ ಐತಿ. ನೀವ ಬರ್ರಿ” ಎಂದ.

“ಹೋಗಿ ಬಾ ತಂಗಿ, ನೀ ಆರಿಸಿದ ಗಾಡಿ ಅದು” ಎಂದರು ಭಾವ.

ಬಾಯಿ ತೆರೆದೆ. ಬಂದ ಮಾತು ಇದು: “ದಾರಿಯಲ್ಲಿ ಬಾತ್‌ರೂಮಿನ ಅರೇಂಜ್‌ಮೆಂಟ್ ಹೇಗಪ್ಪ?” ಮಹಿಬೂಬ ನಾಚಿ ನೆಲ ನೋಡಿದ. ಅದರ ಹಿಂದೆಯೇ ಮೊಣಕಾಲು ನೋವು ಬಂತು, ಕೆಮ್ಮು ಬಂತು, ಉಪ್ಪಿನಕಾಯಿ ಹಾಕುವ ಕೆಲಸ ಬಂತು. “ಕಾಲುವೆಗೆ ನೀರು ಬಿಡಲಿ, ನೋಡೋಣ” ಎಂದೆ. ನಮ್ಮ ಕಡೆ ಈ ಮಾತಿಗೆ ‘ಆಗದ ಕೆಲಸ’ ಎಂದೇ ಅರ್ಥವೆಂದು ಎಲ್ಲರಿಗೂ ಗೊತ್ತು.

ಆ ಸೀಟಿನಲ್ಲಿ ನಮ್ಮವರು ಹೋಗಿಬಂದರು, ನಾನು ತರಿಸಿಟ್ಟ ಸಾಕ್ಸ್ ಹಾಕಿಕೊಂಡು. ಇಂದಿಗೂ ಯಾರೇ ಮನೆಗೆ ಬರಲಿ, ಚಹಾ ಬರುವ ಮೊದಲೇ ನಮ್ಮವರ ಮಾತಿನಲ್ಲಿ ಹಿಮ ಬೀಳತೊಡಗುತ್ತದೆ. ಗ್ಲೇಸಿಯರ್ ಹೇಗೆ ಹುಟ್ಟುತ್ತದೆಂಬುದನ್ನು ಪ್ರತಿಸಲವೂ ತಪ್ಪು ಹೇಳುತ್ತಾರೆ. ನಾನು ಒಳಗಿನಿಂದಲೇ ತಿದ್ದುತ್ತೇನೆ. ಆಗ ಬಂದವರು ಗೌರವದಿಂದ, “ನೀವೂ ಹೋಗಿದ್ರೇನ್ರಿ ಅಮ್ಮಾರ?” ಎಂದು ಕೇಳುತ್ತಾರೆ.

“ಇಲ್ಲಪ್ಪ, ಇಂಜಿನ್ ಆಯ್ದುಕೊಟ್ಟವಳು ನಾನು” ಎನ್ನುತ್ತೇನೆ.

ಅವರು ಒಂದು ಕ್ಷಣ ನನ್ನನ್ನು ನೋಡಿ, ತಲೆಯಾಡಿಸಿ, ಮತ್ತೆ ನಮ್ಮವರ ಕಡೆ ತಿರುಗುತ್ತಾರೆ: “ಆಮ್ಯಾಲೆ ಏನಾತ್ರಿ?”