ಅರ್ಧ ದರಕ್ಕೆ ಸಿಕ್ಕ ಮೌನ

ಪೂರ್ತಿ ದುಡ್ಡು ಕೊಟ್ಟು ಹೋಟೆಲ್ ರೂಮು ಹಿಡಿಯುವವನನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ಈ ಮಾತನ್ನು ನನ್ನ ಭಾವಮೈದುನನ ಮುಖಕ್ಕೇ ಹೇಳಿದ್ದೇನೆ. ಅವನು ಆ ಪೈಕಿಯವನು. ಹಾಗಾಗಿ ಶಾಲಾ ಶಿಕ್ಷಕಿಯಾದ ನನ್ನ ಹೆಂಡತಿಗೆ ದೂರದ ಊರಿನಿಂದ ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಾಗ, "ರೂಮಿನ ಚಿಂತೆ ನನಗೆ ಬಿಡು" ಎಂದು ಎದೆ ತಟ್ಟಿಕೊಂಡೆ.

ಸಂದರ್ಶನ ಇದ್ದದ್ದು ಮಧ್ಯಾಹ್ನ. ರೈಲು ತಲುಪುವುದು ಬೆಳಿಗ್ಗೆ. ಮಕ್ಕಳನ್ನು ಬಿಟ್ಟುಹೋಗೋಣವೆಂದರೆ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳ ಅಡ್ಡಹೆಸರು 'ಯಾಕೆ'. ಅವಳ ಬಾಯಲ್ಲಿ ಬೇರೆ ಮಾತು ಬರುವುದು ಅಪರೂಪ. ಮಗ 'ಢಮಾರ್'. ಈ ಹೆಸರಿಗೆ ವಿವರಣೆ ಬೇಕಾಗಿಲ್ಲ.

"ರೀ, ನಂಗೆ ಬೇರೆ ಏನೂ ಬೇಡ. ಹೋಗೋಕೆ ಮುಂಚೆ ಒಂದು ಒಳ್ಳೆ ನಿದ್ದೆ ಸಿಕ್ಕಿದ್ರೆ ಸಾಕು," ಎಂದಳು ಹೆಂಡತಿ. "ಇಷ್ಟು ವರ್ಷ ಕಾದು ಬಂದಿರೋ ಕರೆ. ಅವರ ಮುಂದೆ ಆಕಳಿಸ್ತಾ ಕೂತ್ಕೊಂಡ್ರೆ ಮುಗೀತು."

ಫೋನಿನಲ್ಲಿ ಬೆರಳು ಸವೆಯುವವರೆಗೆ ಹುಡುಕಿದೆ. ಸಿಕ್ಕಿತು! ಹಗಲು ವಾಸಕ್ಕೆ ಅರ್ಧ ದರ, ಜೊತೆಗೆ ಮಕ್ಕಳಿಗೆ ಉಚಿತ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು. ನಾನು ವಿಮೆ ಮಾರುವವನು. ಸಣ್ಣ ಅಕ್ಷರವನ್ನು ಯಾರೂ ಓದುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನಮ್ಮ ಇಡೀ ಕಚೇರಿ ನಿಂತಿದೆ. ನಾನೂ ಓದಲಿಲ್ಲ.

ಹೋಟೆಲಿನ ಬಾಗಿಲು ತಳ್ಳಿದಾಗಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಬಾಗಿಲಿನ ಅಂಚಿಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದರು. ಫೋನು ಬಡಿದುಕೊಳ್ಳುವ ಬದಲು ಕೆಂಪು ದೀಪ ಮಿಣುಕಿಸುತ್ತಿತ್ತು. ಕೌಂಟರಿನ ಹಿಂದಿದ್ದ ಹೆಂಗಸು ನಮ್ಮನ್ನು ನೋಡಿ, ಆಮೇಲೆ ಮಕ್ಕಳನ್ನು ನೋಡಿ, ಉಸಿರಿನಲ್ಲೇ ಪಿಸುಗುಟ್ಟಿದಳು.

"ಸರ್, ಇಲ್ಲಿ ಇರೋರೆಲ್ಲ ರಾತ್ರಿ ಪಾಳಿಯೋರು. ಆಸ್ಪತ್ರೆಯೋರು, ಕಾರ್ಖಾನೆಯೋರು. ಈಗ ಮಲಗಿದ್ದಾರೆ. ಒಂದು ದೂರು ಬಂದ್ರೂ ಜಾಗ ಖಾಲಿ ಮಾಡಿಸ್ತೀವಿ. ಅದಕ್ಕೇ ಅರ್ಧ ದರ. ಓದಿರ್ತೀರಲ್ಲ?"

"ಓದದೆ ಇರ್ತೀನಾ?" ಎಂದೆ. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಒಂದು ಅಕ್ಷರವೂ ಸಣ್ಣದಾಗಿರಲಿಲ್ಲ.

"ಯಾಕೆ?" ಎಂದಳು ಮಗಳು.

ನಾನು ಗಬಕ್ಕನೆ ಅವಳ ಬಾಯಿ ಮುಚ್ಚಿದೆ. ಇನ್ನೊಂದು ಕೈಯಿಂದ ಢಮಾರನ ಕಾಲರ್ ಹಿಡಿದೆ. ನಮ್ಮ ಮೆರವಣಿಗೆ ಮೊದಲನೇ ಮಹಡಿಗೆ ಕಳ್ಳರ ಗುಂಪಿನಂತೆ ಏರಿತು. ಇವನು ಹಾಸಿಗೆಯ ಮೇಲೆ ಒಮ್ಮೆ ಕುಣಿದರೆ ಸಾಕು, ಗಂಟುಮೂಟೆ ಸಮೇತ ಬೀದಿಗೆ ಬೀಳುತ್ತೇವೆ; ಹೆಂಡತಿಯ ನಿದ್ದೆಯೂ ಹೋಯಿತು, ಹುದ್ದೆಯೂ ಹೋಯಿತು.

ಆದರೆ ಆದದ್ದೇ ಬೇರೆ. ಪಿಸುಗುಟ್ಟಿ ಮಾತಾಡುವುದು ಮಕ್ಕಳಿಗೆ ಹೊಸ ಆಟವಾಗಿ ಕಂಡಿತು. 'ಯಾಕೆ' ತನ್ನ ಯಾಕೆಗಳನ್ನು ತಮ್ಮನ ಕಿವಿಯಲ್ಲಿ ಊದಿದಳು. ಢಮಾರ್ ತುದಿಗಾಲಲ್ಲಿ ಬಚ್ಚಲುಮನೆಗೆ ಹೋಗಿ, ನಲ್ಲಿಯನ್ನು ಹನಿಹನಿಯಾಗಿ ತಿರುಗಿಸಿ, ಮುಖ ತೊಳೆದು ಬಂದ. ಹೇಳದೆ ಮುಖ ತೊಳೆದದ್ದು ಅವನ ಜನ್ಮದಲ್ಲಿ ಅದೇ ಮೊದಲು. ರೈಲಿನ ಆಯಾಸವೂ ಇತ್ತು. ನೋಡನೋಡುತ್ತಿದ್ದಂತೆ ಇಬ್ಬರೂ ಅಮ್ಮನ ಅಕ್ಕಪಕ್ಕ ಸೇರಿಕೊಂಡು ಗಾಢ ನಿದ್ದೆಗೆ ಜಾರಿದರು. ಅವಳಿಗೂ ಕಣ್ಣು ಹತ್ತಿತು. ಅಬ್ಬ, ಬದುಕಿದೆ!

ಇಂಥ ಗೆಲುವನ್ನು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡರೆ ಅಜೀರ್ಣವಾಗುತ್ತದೆ. ಮೆಲ್ಲಗೆ ಬಾಗಿಲು ಎಳೆದುಕೊಂಡು, ಹೊರಗಿನ ಓಣಿಯಲ್ಲಿ ನಿಂತು ಭಾವಮೈದುನನಿಗೆ ಫೋನು ಹಚ್ಚಿದೆ.

"ಏನ್ ಭಾವ, ಇಷ್ಟೊತ್ತಲ್ಲಿ?"

"ಅರ್ಧ ದರ ಕಣಯ್ಯಾ, ಅರ್ಧ ದರ! ನೀನು ಇನ್ನೂ ಪೂರ್ತಿ ಕೊಟ್ಕೊಂಡೇ ಇರು. ಮಕ್ಕಳು? ಉಸಿರು ಕೂಡ ಕೇಳಿಸ್ತಿಲ್ಲ. ಸಾಕೋದಕ್ಕೂ ಒಂದು ಗತ್ತು ಬೇಕಯ್ಯಾ."

ತಗ್ಗಿದ ದನಿಯಲ್ಲೇ ಮಾತಾಡಿದ್ದೆ. ಆದರೆ ವಿಮೆ ಮಾರುವವನ ತಗ್ಗಿದ ದನಿ ಬೇರೆಯವರಿಗೆ ಭಾಷಣ ಎಂಬುದು ಆಗ ಹೊಳೆಯಲಿಲ್ಲ. ಪಟಪಟನೆ ಬಾಗಿಲುಗಳು ತೆರೆದವು. ಕೆದರಿದ ಕೂದಲಿನ ನರ್ಸೊಬ್ಬಳು ಎದುರಿಗೆ ನಿಂತಿದ್ದಳು. ನಾನು ಚಾಳಿಯಂತೆ ಕೈಮುಗಿದು, "ಕ್ಷಮಿಸಿ ಸಿಸ್ಟರ್, ಸಣ್ಣ ಮಕ್ಕಳು, ಗಲಾಟೆ ಜಾಸ್ತಿ" ಎಂದುಬಿಟ್ಟೆ.

"ಮಕ್ಕಳಾ?" ಎಂದಳು ಆಕೆ, ಅರ್ಧ ಕಣ್ಣು ತೆರೆದು. "ಯಾವ ಮಕ್ಕಳು?"

ಅಷ್ಟರಲ್ಲಿ ಕೌಂಟರಿನ ಹೆಂಗಸು ಮೇಲೆ ಬಂದಳು. "ಅಮ್ಮಾ, ನನ್ನ ಹೆಂಡತಿಗೆ ಮಧ್ಯಾಹ್ನ ಸಂದರ್ಶನ ಇದೆ. ಈಗ ಎಬ್ಬಿಸಿದ್ರೆ ಅವಳ ಬಾಳೇ ಹಾಳಾಗುತ್ತೆ. ತಪ್ಪು ನಂದು. ಬೇಕಾದ್ರೆ ಪೂರ್ತಿ ದರ ಕೊಡ್ತೀನಿ," ಎಂದು ಅಂಗಲಾಚಿದೆ. ಹೌದು, ಪೂರ್ತಿ ದರ! ನನ್ನ ಬಾಯಿಂದಲೇ!

"ಮಲಗಿರೋರನ್ನ ನಾವು ಎಬ್ಬಿಸೋದಿಲ್ಲ ಸರ್," ಎಂದು ಪಿಸುಗುಟ್ಟಿದಳು. "ಸದ್ದು ಮಾಡಿದೋರು ಹೊರಗೆ ಹೋದ್ರೆ ಸಾಕು."

ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ. ಎದುರುಗಡೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ನೆತ್ತಿ ಸುಡುವ ಬಿಸಿಲಲ್ಲಿ ಕೂತೆ. ಮಾನ ಹೋಗಿತ್ತು, ಆದರೆ ಮನಸ್ಸು ಹಗುರವಾಗಿತ್ತು. ಮೇಲೆ ಕಿಟಕಿಯ ಪರದೆ ಅಲುಗಾಡಲಿಲ್ಲ. ಅವಳು ಮಲಗಿದ್ದಾಳೆ, ಅಷ್ಟು ಸಾಕು.

ಮಧ್ಯಾಹ್ನ ಹೆಂಡತಿ ಹೂವಿನಂತೆ ಅರಳಿದ ಮುಖ ಹೊತ್ತು ಇಳಿದುಬಂದಳು. ಏನಾಯಿತೆಂದು ಕೌಂಟರಿನಲ್ಲೇ ಅವಳಿಗೆ ವರದಿಯಾಗಿತ್ತು. ಮಕ್ಕಳನ್ನು ನನಗೊಪ್ಪಿಸಿ ಹೊರಟಳು. ಸಂಜೆ ವಾಪಸು ಬಂದಾಗ ಅವಳ ನಡಿಗೆಯಲ್ಲೇ ಫಲಿತಾಂಶ ಕಾಣುತ್ತಿತ್ತು.

"ಕೆಲಸ ಸಿಕ್ತು ರೀ," ಎಂದಳು.

"ಏನ್ ಕೇಳಿದ್ರು?"

"ಶಾಲೇಲಿ ಗಲಾಟೆ ಆದ್ರೆ ಏನ್ ಮಾಡ್ತೀರಿ ಅಂದ್ರು. ಮಕ್ಕಳನ್ನ ಬೈಯೋಕೆ ಮುಂಚೆ, ಗಲಾಟೆ ಮಾಡ್ತಿರೋದು ದೊಡ್ಡೋರಾ ಅಂತ ನೋಡ್ತೀನಿ ಅಂದೆ. ತುಂಬಾ ಮೆಚ್ಚಿಕೊಂಡ್ರು."

"ಭೇಷ್! ಆಮೇಲೆ?"

"ಉದಾಹರಣೆ ಕೇಳಿದ್ರು," ಎಂದಳು. "ಕೊಟ್ಟೆ."