ಗೌಡ್ರ ಬೇಟೆ ಚಾಕು

ಆಲೂರಿನಲ್ಲಿ ಕುಲುಮೆ ಇಟ್ಟುಕೊಂಡವನಿಗೆ ನಗುವಂಥ ಪ್ರಸಂಗ ಹುಡುಕಿಕೊಂಡು ಹೋಗೋ ಕೆಲಸ ಇಲ್ಲ. ಮಚ್ಚು ತಟ್ಟಿಸೋಕೆ, ಗುದ್ದಲಿ ಸರಿ ಮಾಡಿಸೋಕೆ ಬಂದವರ ಜೊತೆ ಅವೂ ಬಂದು ಕೂರ್ತವೆ. ಕೆಲವಕ್ಕೆ ಮಾತ್ರ ನಕ್ಕ ಮೇಲೆ ಕಣ್ಣೊರೆಸಿಕೊಳ್ಳಬೇಕಾಗುತ್ತೆ. ಗೌಡ್ರ ಚಾಕುವಿನದು ಅಂಥದ್ದು.

ಆರ್ಡರ್

ವನಗೂರು ಕಡೆಯ ಎಸ್ಟೇಟಿನ ಗೌಡ್ರ ಹೆಂಡತಿ, ಅಮ್ಮಾವ್ರು, ಜೀಪಲ್ಲಿ ಬಂದು, ಫೋನಲ್ಲಿ ಒಂದು ಫೋಟೋ ತೋರಿಸಿದ್ರು. ಬೇಟೆ ಚಾಕು. ಅಲಗಿನ ಮೈತುಂಬ ನೀರಿನ ಅಲೆಯಂಥ ಗೆರೆ.

"ಡಮಾಸ್ಕಸ್ ಅಂತಾರಂತೆ. ಎರಡು ಥರ ಉಕ್ಕನ್ನ ಪದರ ಪದರವಾಗಿ ಬೆಸೆದು ಮಾಡೋದು. ನಿನ್ನ ಕೈಲಿ ಆಗುತ್ತೇನಪ್ಪಾ?"

"ಬೇಟೆ ನಿಂತು ಯಾವ ಕಾಲ ಆಯ್ತು ಅಮ್ಮಾವ್ರೇ!"

"ನಮ್ಮ ಗೌಡ್ರಿಗೆ ನಿಂತಿಲ್ಲ. ಮರೆವಿನ ಕಾಯಿಲೆ. ದಿನಾ ಬೆಳಗ್ಗೆ ಬೂಟು ಹಾಕ್ಕೊಂಡು ಚಾಕು ಎಲ್ಲಿ ಅಂತಾರೆ. ಈ ಫೋಟೋದಲ್ಲಿರೋ ಚಾಕುವಲ್ಲೇ ಅಂಗೈ ಕುಯ್ದುಕೊಂಡ್ರು. ನಾನು ಸಿಟ್ಟಲ್ಲಿ ಹೊಳೆಗೆ ಎಸೆದುಬಿಟ್ಟೆ. ಈಗ ಅಳ್ತಾರೆ. ಬೇರೆ ಚಾಕು ಕೊಟ್ರೆ, ಗೆರೆ ಇಲ್ಲ, ಇದು ನಂದಲ್ಲ ಅಂತಾರೆ." ಫೋನು ಒಳಗಿಟ್ಟು ಅಂದ್ರು, "ಹರಿತ ಮಾತ್ರ ಇರಬಾರ್ದು."

ಇಷ್ಟು ವರ್ಷದ ಕಸುಬಲ್ಲಿ ಹರಿತ ಬೇಡ ಅಂದವರು ಇವರೊಬ್ಬರೇ. ಕುಲುಮೆಗೆ ಗಾಳಿ ಊದೋ ಬ್ಲೋವರ್ ಹತ್ರ ಕೂತಿದ್ದ ನನ್ನ ಹೆಂಡತಿ ಹೇಳಿದ್ಲು, "ಧೈರ್ಯವಾಗಿ ಕೊಡಿ ಅಮ್ಮಾವ್ರೇ. ಇವರು ಮಾಡಿದ್ದು ಯಾವುದು ಹರಿತ ಐತೆ?"

ಚಿರೋಟಿ

ಲಾರಿಯ ಸ್ಪ್ರಿಂಗ್ ಪಟ್ಟಿ, ಸಾಮಿಲ್ಲಿನ ಗರಗಸದ ಬ್ಲೇಡು, ಎರಡನ್ನೂ ತುಂಡು ಮಾಡಿ ಒಂದರ ಮೇಲೊಂದು ಜೋಡಿಸಿದೆ. ಬೆಸುಗೆ ಹಿಡಿಯಲಿ ಅಂತ ಬಿಳಿಗಾರ ಉದುರಿಸಿ, ಹಳದಿಗೆ ತಿರುಗೋವರೆಗೂ ಕಾಯಿಸಿ ಬಡಿದೆ. ಮಡಚಿ ಮತ್ತೆ ಬಡಿದೆ. ನಾಲ್ಕು ದಿನ. ರಟ್ಟೆ ಬಿದ್ದುಹೋಯ್ತು. ಕೊನೆಗೆ ಕಾದ ಅಲಗನ್ನ ಹದ ಮಾಡೋಕೆ ಎಣ್ಣೆಗೆ ಅದ್ದಿದಾಗ ಟಿಕ್ ಅಂತ ಸದ್ದು. ತೆಗೆದು ನೋಡಿದ್ರೆ ಪದರಗಳೆಲ್ಲ ಬಾಯಿ ಬಿಟ್ಟಿದ್ವು.

ಅಳೋದೊಂದು ಬಾಕಿ. ಹೆಂಡತಿ ಹತ್ರ ಬಂದು ಬಗ್ಗಿ ನೋಡಿದ್ಲು. "ಚಿರೋಟಿ ಚೆನ್ನಾಗಿ ಬಂದೈತೆ ಕಣ್ರೀ. ಸಕ್ಕರೆ ತರ್ಲಾ?"

ಸಂತೆ

ಎರಡನೇದನ್ನ ಬಡೀತಿದ್ದಾಗ ಅಮ್ಮಾವ್ರು ಗೌಡ್ರನ್ನೂ ಕರ್ಕೊಂಡು ಬಂದ್ರು. ಗೌಡ್ರೂ ನಮ್ಮಪ್ಪನೂ ಒಂದೇ ವಾರಿಗೆಯವರು. ಅವರ ತೋಟದ ಕತ್ತಿಗಳನ್ನೆಲ್ಲ ಅಪ್ಪನೇ ಮಾಡ್ತಿದ್ದ.

"ನಿಮ್ಮಪ್ಪ ಎಲ್ಲೋ?"

"ತೀರ್ಕೊಂಡು ಒಂಬತ್ತು ವರ್ಷ ಆಯ್ತು ಗೌಡ್ರೇ."

ಅವರು ಅಲ್ಲೇ ಕುಸಿದು ಕೂತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಕಾಫಿ ಕುಡಿದು, ಲೋಟ ಕೆಳಗಿಟ್ಟು, "ನಿಮ್ಮಪ್ಪ ಎಲ್ಲೋ?" ಅಂದ್ರು. ಹೇಳಿದೆ. ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಮತ್ತೆ ಅತ್ತರು. ಅಪ್ಪ ಸತ್ತ ದಿನ ನಮ್ಮ ನೆಂಟರು ಯಾರೂ ಅಷ್ಟು ಅತ್ತಿರಲಿಲ್ಲ. ಮೂರನೇ ಸಲವೂ ಕೇಳಿದಾಗ, "ಸಂತೆಗೆ ಹೋಗವ್ರೆ" ಅಂದುಬಿಟ್ಟೆ.

ಗೌಡ್ರ ಮುಖ ಅರಳಿತು. "ನಾ ಬರೋದು ಗೊತ್ತಾದ್ರೆ ಸಾಕು, ಸಂತೆಗೆ ಓಡ್ತಾನೆ. ಮಹಾ ಕೆಲಸಗಳ್ಳ ಕಣೋ ನಿಮ್ಮಪ್ಪ!"

ಗುಟ್ಟು

ಚಾಕು ಮುಗೀತು. ಆಸಿಡ್ಡಲ್ಲಿ ಅದ್ದಿ ತೊಳೆದಾಗ ಗೆರೆಗಳು ಅಲೆ ಅಲೆಯಾಗಿ ಎದ್ದವು. ಅಂಚು, ಮೊನೆ ಎರಡನ್ನೂ ನಾನೇ ಉಜ್ಜಿ ಮೊಂಡು ಮಾಡಿದೆ.

ವನಗೂರಿಗೆ ತಗೊಂಡು ಹೋದೆ. ಗೌಡ್ರು ಬೂಟು ಹಾಕ್ಕೊಂಡು ಜಗಲಿಯಲ್ಲಿ ಕೂತಿದ್ರು. ಗೆರೆ ಸವರಿ, "ನಂದೇ ಇದು" ಅಂದ್ರು. ಆಮೇಲೆ ಹೆಬ್ಬೆರಳನ್ನ ಅಂಚಿನ ಮೇಲೆ ಎಳೆದ್ರು.

"ಹರಿತ ಇಲ್ವಲ್ಲೋ?"

"ಬೇಟೆಗೆ ಹೊರಡೋ ದಿನ ಸಾಣೆ ಹಿಡ್ಕೊಡ್ತೀನಿ ಗೌಡ್ರೇ."

"ಅದೂ ಸರಿ."

ಅಷ್ಟರಲ್ಲಿ ಅಮ್ಮಾವ್ರು ಕಾಫಿ ತಂದ್ರು. ಗೌಡ್ರು ಗಡಬಡಿಸಿ ಚಾಕುವನ್ನ ಶಾಲಿನೊಳಗೆ ಮುಚ್ಚಿದ್ರು. ಅಮ್ಮಾವ್ರ ಮುಖವನ್ನೇ ನೋಡಿ, ದನಿ ತಗ್ಗಿಸಿ ಅಂದ್ರು, "ತಾಯೀ, ನೀವ್ಯಾರೋ ಒಳ್ಳೇವ್ರ ಥರ ಕಾಣ್ತೀರಿ. ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ. ಬೇಟೆ ಅಂದ್ರೆ ಮೂರು ದಿನ ಮಾತು ಬಿಡ್ತಾಳೆ."

ಅಮ್ಮಾವ್ರು ಲೋಟ ಕೆಳಗಿಟ್ರು. "ಅಷ್ಟು ಜೋರಾ ನಿಮ್ಮನೆಯವ್ರು?"

"ಜೋರು ಅಂದ್ರೆ ಜೋರು! ಅವಳು ಮಾತಾಡ್ದೇ ಇದ್ರೆ ನಂಗೆ ಊಟ ಸೇರಲ್ಲ, ಅದೇ ಕಷ್ಟ."

ಅಮ್ಮಾವ್ರಿಗೆ ನಗು ಬಂತು. ತಡೆಯೋಕಾಗದೆ ನಕ್ಕರು, ಸೆರಗಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಹೇಳಲ್ಲ ಬಿಡಿ."

ಗೌಡ್ರಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ನನ್ನ ತೋಳು ತಿವಿದು, "ಒಳಗಿಂದ ಬಂದ್ಲಾ ನೋಡೋ" ಅಂದ್ರು.

ನಾನು ಅಮ್ಮಾವ್ರ ಮುಖ ನೋಡಿದೆ.

"ಇಲ್ಲ ಗೌಡ್ರೇ, ಇನ್ನೂ ಬಂದಿಲ್ಲ."